ಮಾನಸಿಕ ಕಾಯಿಲೆ ಇರುವವರ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಅವರ ಸಹಿ ಇದ್ದರೆ ಸಾಕೇ?

ಬೈಪೋಲಾರ್ ಕಾಯಿಲೆಯಿರುವ ಪರಿಚಿತರೊಬ್ಬರ ಬಗ್ಗೆ ಚಿತ್ರ ತೆಗೆಯುತ್ತಿದ್ದೇನೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದಾರೆ, ಇನ್ನೇನಾದರೂ ಬೇಕೇ ಎಂದು ಕೇಳಿದ್ದೀರಿ. ಕೈಗೆ ಸಿಕ್ಕಷ್ಟು ದುಡ್ಡಿನಲ್ಲಿ ಇಂಥವೇ ಚಿತ್ರಗಳನ್ನು ಮಾಡಿಕೊಂಡು ಬಂದವನು ನಾನು. ಸಹಿಯೊಂದೇ ಸಾಲದು. ನಾಳೆ ತಕರಾರು ಬಂದರೆ ಆ ಕಾಗದ ನಿಮ್ಮ ನೆರವಿಗೆ ಬಂದೀತು, ಅಷ್ಟೇ.

ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಸು ಒಮ್ಮೆ ಉನ್ಮಾದಕ್ಕೆ ಏರುತ್ತದೆ, ಒಮ್ಮೆ ಖಿನ್ನತೆಗೆ ಇಳಿಯುತ್ತದೆ. ಉನ್ಮಾದದ ಹುರುಪಿನಲ್ಲಿರುವ ಮನುಷ್ಯ ಯಾವುದಕ್ಕೂ ಹೂಂ ಎಂದುಬಿಡಬಹುದು. ಮಾಡಿಕೊಂಡ ಸಾಲ, ಮುರಿದ ಸಂಬಂಧ, ಮನೆಯ ಗುಟ್ಟು ಎಲ್ಲವನ್ನೂ ಕ್ಯಾಮೆರಾ ಮುಂದೆ ಬಿಚ್ಚಿಡಬಹುದು. ಚಿತ್ರೀಕರಿಸುವವರಿಗೆ ಅದು ಹಬ್ಬ. ಮನಸ್ಸು ತಹಬಂದಿಗೆ ಬಂದ ಮೇಲೆ ಅದನ್ನೇ ನೋಡಿದರೆ ಅವರಿಗೆ ತಲೆ ಎತ್ತಲಾಗದಂತಾದೀತು. ಆದ್ದರಿಂದ ಅವರು ಚೆನ್ನಾಗಿರುವ ದಿನ ಮತ್ತೆ ಕೇಳಿ. ಮೊದಲ ಸಂಕಲನ ಮುಗಿದ ಮೇಲೆ ಅವರನ್ನು ಕೂರಿಸಿ ತೋರಿಸಿ, ಆಗಲೂ ಕೇಳಿ. ಬೇಡವೆಂದ ತುಣುಕು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ. ಬಿಡುಗಡೆಯ ದಿನಾಂಕ ಹಿಡಿದು ಜಗ್ಗುವ ನಿರ್ಮಾಪಕರಿಲ್ಲದಿರುವುದು ನಮ್ಮಂಥವರ ಭಾಗ್ಯ (ಬೇರೆ ಭಾಗ್ಯವೇನೂ ನನಗೆ ಕಂಡಿಲ್ಲ), ಅದು ಉಪಯೋಗಕ್ಕೆ ಬರಬೇಕಾದದ್ದು ಇಲ್ಲೇ.

ಇದು ಹೊಸ ಜಗಳವೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮಾನಸಿಕ ಅಸ್ವಸ್ಥ ಕೈದಿಗಳನ್ನು ಇಡುತ್ತಿದ್ದ ಬ್ರಿಜ್‌ವಾಟರ್ ಆಸ್ಪತ್ರೆಯ ಬಗ್ಗೆ ಫ್ರೆಡರಿಕ್ ವೈಸ್‌ಮನ್ ಮಾಡಿದ ‘ಟಿಟಿಕಟ್ ಫಾಲೀಸ್’ ಎಂಬ ಸಾಕ್ಷ್ಯಚಿತ್ರ 1967ರಲ್ಲಿ ಬಂತು. ಕೈದಿಗಳ ಖಾಸಗಿತನಕ್ಕೆ ಧಕ್ಕೆಯಾಗಿದೆ ಎಂಬ ಕಾರಣಕ್ಕೆ ಅದರ ಸಾರ್ವಜನಿಕ ಪ್ರದರ್ಶನಕ್ಕೆ ನ್ಯಾಯಾಲಯ ಹಾಕಿದ ತಡೆ ತೆರವಾದದ್ದು 1991ರಲ್ಲಿ. ಅಧಿಕಾರಿಗಳು ತಮ್ಮ ಮಾನ ಉಳಿಸಿಕೊಳ್ಳಲು ಕೈದಿಗಳ ಮಾನವನ್ನು ಅಡ್ಡ ಹಿಡಿದರು ಎಂದೇ ನನ್ನ ಅನಿಸಿಕೆ. ಹಾಗಿದ್ದರೂ ಅಲ್ಲಿ ಬಟ್ಟೆಯಿಲ್ಲದೆ ನಿಂತವರು ತಮ್ಮನ್ನು ಜಗತ್ತು ನೋಡಲಿದೆ ಎಂದು ತಿಳಿದು ಒಪ್ಪಿದ್ದರೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಲೋಟ ಹಿಡಿದ ಕೈ ನಡುಗುವುದನ್ನು ಹತ್ತಿರದಿಂದ ತೋರಿಸುವ ಆಸೆ ನಿಮಗೂ ಆದೀತು. ಅವರು ಈ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ ಆ ನಡುಕ ಔಷಧದ ಅಡ್ಡಪರಿಣಾಮವೂ ಆಗಿರಬಹುದು. ನೋಡುವವರು ಮಾತ್ರ ಅದನ್ನು ಹುಚ್ಚಿನ ಗುರುತು ಎಂದೇ ತಿಳಿಯುತ್ತಾರೆ. ತೋರಿಸುವುದಾದರೆ ಮಾತ್ರೆಯ ಡಬ್ಬಿಯನ್ನೂ ತೋರಿಸಿ, ಆ ಔಷಧಕ್ಕಾಗಿ ಆಗಾಗ ಮಾಡಿಸಬೇಕಾದ ರಕ್ತಪರೀಕ್ಷೆಯನ್ನೂ ತೋರಿಸಿ. ಹಿನ್ನೆಲೆಯಲ್ಲಿ ಅಳುವ ಪಿಟೀಲು ಖಂಡಿತ ಬೇಡ.

ಚಿತ್ರವನ್ನು ಅಂತರ್ಜಾಲಕ್ಕೆ ಹಾಕುವ ಮೊದಲು, ಕೆಲಸ ಕೊಟ್ಟವರು ಮತ್ತು ಮನೆ ಬಾಡಿಗೆಗೆ ಕೊಟ್ಟವರು ಇದನ್ನು ನೋಡಿದರೆ ಏನಾಗಬಹುದೆಂದು ನಿಮ್ಮ ಪರಿಚಿತರೊಂದಿಗೆ ಕೂತು ಮಾತನಾಡಿ. ಹೆಸರು ಬದಲಿಸಬೇಕೇ, ಮುಖ ಮರೆಸಬೇಕೇ ಎಂಬುದನ್ನು ಅವರೇ ತೀರ್ಮಾನಿಸಲಿ.