ಮಲೆನಾಡಿನ ಮಾಡಿಗೆ ತಗಡೋ, ಶಿಂಗಲ್ಸೋ?

ಮನೆ ಕಟ್ಟುವವರ ಪ್ರಶ್ನೆಗಳಲ್ಲಿ ಈ ಸಲ ಘಟ್ಟದ ಕಡೆಯವೇ ಹೆಚ್ಚು ಬಂದಿವೆ. ಹೆಂಚು ಬಿಟ್ಟು ಬೇರೆ ಹೊದಿಕೆ ಯೋಚಿಸುತ್ತಿರುವ ಇತರರಿಗೂ ಉಪಯೋಗಕ್ಕೆ ಬರುವಂಥವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾಫಿ ತೋಟದೊಳಗೆ 30×40 ಅಡಿಯ ಮನೆ ಕಟ್ಟುತ್ತಿದ್ದೇವೆ. ಮಂಗಗಳ ಕಾಟಕ್ಕೆ ಹೆದರಿ ಹೆಂಚು ಬೇಡ ಎಂದುಕೊಂಡಿದ್ದೇವೆ. ಕಬ್ಬಿಣದ ಟ್ರಸ್ (ಮಾಡು ಹೊರುವ ಚೌಕಟ್ಟು) ಮೇಲೆ ಬಣ್ಣದ ಶೀಟು ಹಾಕಿಸಬೇಕೋ, ಶಿಂಗಲ್ಸೋ? ಮನೆಯ ಸುತ್ತ ಸಿಲ್ವರ್ ಓಕ್ ಮರಗಳಿವೆ. — ಮೂಡಿಗೆರೆ ತಾಲೂಕಿನ ಓದುಗರು

ನಿಮ್ಮ ಜಾಗಕ್ಕೆ ಶೀಟೇ ಸರಿ. ಕಾರಣ ಇರುವುದು ಮೇಲಿನ ಹೊದಿಕೆಯಲ್ಲಿ ಅಲ್ಲ, ಅದರ ಅಡಿಯಲ್ಲಿ.

ಶಿಂಗಲ್ಸ್ ಎಂದರೆ ಗಾಜಿನ ನಾರಿನ ಹಾಳೆಗೆ ಡಾಂಬರಿನಂಥ ಬಿಟುಮೆನ್ ಲೇಪಿಸಿ, ಮೇಲೆ ಕಲ್ಲಿನ ಹರಳು ಅಂಟಿಸಿದ ಬಿಲ್ಲೆ. ತನ್ನ ಕಾಲ ಮೇಲೆ ನಿಲ್ಲುವ ಗಟ್ಟಿತನ ಅದಕ್ಕಿಲ್ಲ. ಅಡಿಯಲ್ಲಿ ಪೂರ್ತಿ ಹರಡಿದ ಗಟ್ಟಿ ಹಾಸು ಬೇಕು. ಟ್ರಸ್ ಮೇಲಾದರೆ ಆ ಹಾಸು ಪ್ಲೈವುಡ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಆ ಪ್ಲೈವುಡ್ ಕೆಳಗಿನಿಂದ ತೇವ ಹೀರುತ್ತದೆ. ಅಂಚುಗಳು ಉಬ್ಬಿ, ಆ ಉಬ್ಬು ಶಿಂಗಲ್ಸ್ ಮೇಲೆ ಗೆರೆಗೆರೆಯಾಗಿ ಎದ್ದು ಕಾಣುತ್ತದೆ. ಆಮೇಲೆ ಮೊಳೆ ಹಿಡಿತ ಬಿಡುತ್ತದೆ, ಗೆದ್ದಲೂ ಬರಬಹುದು. ಮೇಲಿನ ಹೊದಿಕೆ ಚೆನ್ನಾಗಿದ್ದರೂ ಮಾಡು ಹೋಗುವುದು ಹೀಗೆ.

ಲೆಕ್ಕವನ್ನೂ ನೋಡಿ. ಸುತ್ತ ಮೂರು ಅಡಿ ಸೂರು ಬಿಟ್ಟರೆ 36×46 ಅಡಿಯ ಮಾಡು. 30 ಡಿಗ್ರಿ ಇಳಿಜಾರಿಗೆ ಹೊದಿಕೆಯ ಅಳತೆ ಸುಮಾರು 1,910 ಚದರ ಅಡಿ, ಅಂದರೆ 178 ಚದರ ಮೀಟರ್. ಶೀಟು ಚದರ ಮೀಟರಿಗೆ ನಾಲ್ಕೂವರೆ ಕೆಜಿ ಎಂದರೆ ಒಟ್ಟು 800 ಕೆಜಿ. 18 ಎಂಎಂ ಪ್ಲೈವುಡ್ ಮತ್ತು ಶಿಂಗಲ್ಸ್ ಸೇರಿ ನಾಲ್ಕು ಟನ್ ದಾಟುತ್ತದೆ. ಹೆಂಚಾದರೆ ಆರೇಳು ಟನ್. ಶಿಂಗಲ್ಸ್‌ಗೆ 8×4 ಅಡಿಯ ಪ್ಲೈವುಡ್ ಹಾಳೆ ವ್ಯರ್ಥ ಸೇರಿಸಿ 65 ಬೇಕು, ಅದೂ ಐಎಸ್ 710 ಗುರುತಿನ ಮರೈನ್ ದರ್ಜೆಯದು. ಎರಡೆರಡು ಅಡಿಗೆ ಆಧಾರ, ಹಾಳೆಗಳ ನಡುವೆ 3 ಎಂಎಂ ಸಂದು. ಶಿಂಗಲ್ಸ್‌ನ ದರವನ್ನಷ್ಟೇ ಶೀಟಿನ ದರದ ಪಕ್ಕ ಇಟ್ಟು ನೋಡುವವರು ಈ ಪ್ಲೈವುಡ್ಡನ್ನೂ ಹೆಚ್ಚಿನ ಕಬ್ಬಿಣವನ್ನೂ ಮರೆತಿರುತ್ತಾರೆ.

ಇನ್ನು ಮರದ ನೆರಳು. ಎಲೆ ಬಿದ್ದು ಕೊಳೆಯುವ ಕಡೆ ಶಿಂಗಲ್ಸ್‌ನ ಒರಟು ಮೈಮೇಲೆ ಹಾವಸೆ ಬೇಗ ಹಿಡಿಯುತ್ತದೆ. ನುಣುಪಾದ ಶೀಟಿನ ಮೇಲೆ ಎಲೆ ಹೆಚ್ಚು ನಿಲ್ಲುವುದಿಲ್ಲ. ಕೊಂಬೆ ಬಿದ್ದರೆ ಶೀಟು ತಗ್ಗಾಗುತ್ತದೆ, ನಿಜ. ಮನೆಯ ಮೇಲೆ ಚಾಚಿದ ಕೊಂಬೆಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆಸಲೇಬೇಕು.

ಶೀಟು ಕೊಳ್ಳುವಾಗ ಬಣ್ಣ ನೋಡಿ ಆರಿಸಬೇಡಿ. ಸತು ಮಾತ್ರ ಲೇಪಿಸಿದ ತಗಡಿಗಿಂತ ಅಲ್ಯೂಮಿನಿಯಂ–ಸತು ಲೇಪನದ ಗ್ಯಾಲ್ವಲ್ಯೂಮ್ ತಗಡು ನಿಮ್ಮ ಮಳೆಗೆ ಹೆಚ್ಚು ಬಾಳುತ್ತದೆ. ಅದರ ಲೇಪನದಲ್ಲಿ ತೂಕದ ಲೆಕ್ಕದಲ್ಲಿ 55 ಪಾಲು ಅಲ್ಯೂಮಿನಿಯಂ, 43.4 ಪಾಲು ಸತು, 1.6 ಪಾಲು ಸಿಲಿಕಾನ್. ಎಜೆಡ್ 150 ಎಂಬ ಗುರುತು ಕೇಳಿ: ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪನ ಎಂದು ಅರ್ಥ. ಬಣ್ಣ ಬಳಿದು ಬರುವ ಇಂಥ ಶೀಟಿನ ಭಾರತೀಯ ಮಾನಕ ಐಎಸ್ 15965. ಅಂಗಡಿಯಲ್ಲಿ ಹೇಳುವ 0.50 ಎಂಎಂ ಸಾಮಾನ್ಯವಾಗಿ ಲೇಪನವೂ ಬಣ್ಣವೂ ಸೇರಿದ ದಪ್ಪ. ಒಳಗಿನ ಉಕ್ಕು 0.45 ಇದೆಯೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಶೀಟನ್ನು ಬೇಕಾದ ಉದ್ದಕ್ಕೆ ಮಾಡಿಸಬಹುದು. ನಿಮ್ಮ ಮಾಡಿಗೆ ನೆತ್ತಿಯಿಂದ ಸೂರಿನವರೆಗೆ 21 ಅಡಿಯ ಒಂದೇ ತುಂಡು ಸಾಕು, ನಡುವೆ ಜೋಡಣೆಯೇ ಬೇಡ. ಹೊದೆಯುವ ಅಗಲ ಒಂದು ಮೀಟರ್ ಎಂದರೆ ಒಂದು ಬದಿಗೆ 15, ಒಟ್ಟು 30 ಶೀಟು. ಮೂರೂವರೆ ಅಡಿಗೊಂದು ಪರ್ಲಿನ್ (ಶೀಟು ಕೂರುವ ಅಡ್ಡಪಟ್ಟಿ) ಇಟ್ಟರೆ ಬದಿಗೆ ಏಳು ಸಾಲು. ಸೂರಿನ ಸಾಲಿನಲ್ಲೂ ನೆತ್ತಿಯ ಸಾಲಿನಲ್ಲೂ ಪ್ರತಿ ಉಬ್ಬಿಗೆ ಸ್ಕ್ರೂ, ನಡುವಿನ ಸಾಲುಗಳಲ್ಲಿ ಒಂದು ಬಿಟ್ಟು ಒಂದಕ್ಕೆ. ಶೀಟಿಗೆ ನಾಲ್ಕು ಉಬ್ಬು ಎಂದರೆ 18 ಸ್ಕ್ರೂ, ಒಟ್ಟು 540. ಪಕ್ಕದ ಮಡಿಕೆಗಳನ್ನು ಪರ್ಲಿನ್‌ಗಳ ನಡುವೆ ಹೊಲಿಯಲು ಇನ್ನೂ 180 ಸಣ್ಣ ಸ್ಕ್ರೂ. ಮನೆ ಗುಡ್ಡದ ನೆತ್ತಿಯಲ್ಲಿದ್ದು ಗಾಳಿ ನೇರ ಬಡಿಯುವುದಾದರೆ ಎಲ್ಲ ಸಾಲಿನಲ್ಲೂ ಎಲ್ಲ ಉಬ್ಬಿಗೂ ಹಾಕಿಸಿ. ಗಾಳಿ ಮೊದಲು ಎತ್ತುವುದು ಸೂರು, ಮೂಲೆ, ನೆತ್ತಿಗಳನ್ನು. ಆದ್ದರಿಂದ ಕೊನೆಯ ಪರ್ಲಿನ್‌ನಿಂದಾಚೆ ಶೀಟು ಆರು ಇಂಚಿಗಿಂತ ಹೆಚ್ಚು ಚಾಚಬಾರದು. ಮೂರು ಅಡಿ ಸೂರೆಂದರೆ ಟ್ರಸ್ಸೂ ಅಷ್ಟು ಮುಂದೆ ಬರಬೇಕು.

ಹೊದಿಸುವ ದಿಕ್ಕನ್ನು ನೀವೇ ನಿಂತು ಹೇಳಿ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಅದಕ್ಕೆ ಬೆನ್ನಾದ ಪೂರ್ವದ ತುದಿಯಿಂದ ಶುರುಮಾಡಿ ಗಾಳಿಯ ಕಡೆಗೆ ಹೋಗಬೇಕು. ಆಗ ಮೇಲೆ ಕೂರುವ ಅಂಚು ಗಾಳಿಗೆ ಬಾಯಿ ತೆರೆಯುವುದಿಲ್ಲ. ತಿರುಗುಮುರುಗಾದರೆ ಎರಚಲು ಮಡಿಕೆಯೊಳಗೆ ನುಗ್ಗುತ್ತದೆ, ಆಮೇಲೆ ಯಾವ ಅಂಟೂ ಅದನ್ನು ತಡೆಯದು.

ಮಳೆಯ ಸದ್ದಿಗೆ ಶೀಟಿನಡಿ ಅಂಟಿಸುವ ತೆಳು ಫೋಮ್ ನಂಬಬೇಡಿ. ಸದ್ದು ಅಡಗುವುದು ಮುಚ್ಚಿಗೆಯಿಂದ. ಹಲಗೆಯದೋ ಸಿಮೆಂಟ್ ಬೋರ್ಡಿನದೋ ಮುಚ್ಚಿಗೆ, ಅದರ ಮೇಲೆ ಎರಡು ಇಂಚಿನ ಗ್ಲಾಸ್‌ವೂಲ್, ಮೇಲೆ ಗಾಳಿಯಾಡುವ ಅಟ್ಟ. ಗ್ಲಾಸ್‌ವೂಲ್, ಸಿಮೆಂಟ್ ಬೋರ್ಡ್ ಬಿಟ್ಟರೆ ಹಳೆಯ ಮಲೆನಾಡ ಮನೆಯ ಕ್ರಮವೇ ಇದು.

ಪ್ರಶ್ನೆ: ಮೂರು ವರ್ಷದ ಹಿಂದೆ ಹಾಕಿಸಿದ ಶೀಟು ಸ್ಕ್ರೂಗಳ ಸುತ್ತ ಸೋರುತ್ತಿದೆ. ಅಲ್ಲಲ್ಲಿ ತುಕ್ಕಿನ ಚುಕ್ಕೆ. ಚಳಿಗಾಲದ ಬೆಳಗ್ಗೆ ಮಳೆ ಇಲ್ಲದಿದ್ದರೂ ಅಟ್ಟದಲ್ಲಿ ನೀರು ತೊಟ್ಟಿಕ್ಕುತ್ತದೆ. — ತೀರ್ಥಹಳ್ಳಿ

ಇವು ಮೂರು ಬೇರೆ ಬೇರೆ ತೊಂದರೆಗಳು.

ಸ್ಕ್ರೂ ಸೋರುವುದಕ್ಕೆ ವಾಷರ್ ಕಾರಣ. ಇಂಪ್ಯಾಕ್ಟ್ ಡ್ರೈವರ್‌ನಲ್ಲಿ ಹಿಡಿತವಿಲ್ಲದೆ ಬಿಗಿದಾಗ ರಬ್ಬರ್ ನಜ್ಜಾಗಿ ಹೊರಚಿಮ್ಮುತ್ತದೆ, ಎರಡು ಬೇಸಿಗೆಗೆ ಸೀಳುತ್ತದೆ. ಓರೆಯಾಗಿ ಹೊಕ್ಕ ಸ್ಕ್ರೂವಿನ ವಾಷರ್ ಒಂದು ಬದಿ ಮಾತ್ರ ಕೂರುತ್ತದೆ. ಸರಿಯಾಗಿ ಬಿಗಿದರೆ ಲೋಹದ ಟೋಪಿಯ ಅಂಚಿನಲ್ಲಿ ರಬ್ಬರ್ ಕೂದಲೆಳೆಯಷ್ಟು ಕಾಣಬೇಕು. ಸೋರುವ ಸ್ಕ್ರೂಗಳ ಮೇಲೆ ಸಿಲಿಕೋನ್ ಮೆತ್ತಿದರೆ ಒಂದು ಮಳೆಗಾಲವೂ ಬಾರದು. ಅವನ್ನು ತೆಗೆದು, ಅದೇ ತೂತಿಗೆ ಒಂದು ಅಳತೆ ಹೆಚ್ಚು ದಪ್ಪದ ಸ್ಕ್ರೂವನ್ನು ಹೊಸ ಇಪಿಡಿಎಂ (ಬಿಸಿಲು, ಮಳೆ ತಾಳುವ ರಬ್ಬರ್) ವಾಷರ್ ಸಮೇತ ಹಾಕಿಸಿ. ಎಲ್ಲಾದರೂ ಸಿಲಿಕೋನ್ ಬೇಕೇಬೇಕಾದರೆ ವಿನೆಗರ್ ವಾಸನೆಯದು ಬೇಡ. ಅದರ ಆಮ್ಲ ಲೇಪನವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನೇ ತನ್ನಿ.

ಚುಕ್ಕೆ ತುಕ್ಕು ಗ್ರೈಂಡರ್‌ನಿಂದ ಬಂದದ್ದು. ಶೀಟನ್ನು ಮಾಡಿನ ಮೇಲೆಯೇ ಗ್ರೈಂಡರ್‌ನಲ್ಲಿ ಕತ್ತರಿಸಿದಾಗ ಹಾರುವ ಕಾದ ಕಬ್ಬಿಣದ ಪುಡಿ ಬಣ್ಣದೊಳಗೆ ಹೂತುಕೊಳ್ಳುತ್ತದೆ. ಮೊದಲ ಮಳೆಗೇ ಅದು ಕೆಂಪಾಗುತ್ತದೆ. ಕತ್ತರಿಸಿದ ಅಂಚಿನ ಲೇಪನವೂ ಸುಟ್ಟಿರುತ್ತದೆ. ತಗಡು ಕತ್ತರಿಯನ್ನೋ, ತಗಡನ್ನು ಚೂರುಚೂರಾಗಿ ಕಚ್ಚಿ ಕತ್ತರಿಸುವ ನಿಬ್ಲರನ್ನೋ ಬಳಸಬೇಕಿತ್ತು. ಈಗ ಮೆತ್ತನೆ ಬಟ್ಟೆ, ಸೋಪುನೀರಿನಲ್ಲಿ ಪುಡಿ ತೆಗೆದು, ತುಕ್ಕು ಒಳಗಿಳಿದ ಕಡೆ ಮಾತ್ರ ಸತುವಿನ ಪ್ರೈಮರ್ ಮತ್ತು ಬಣ್ಣ ಮುಟ್ಟಿಸಿ. ಹಾಗೆಯೇ ಗೋಡೆ ಸೇರುವಲ್ಲಿ ಶೀಟಿನ ಮೇಲೆ ಸಿಮೆಂಟ್ ಗಾರೆ ಮೆತ್ತಿದ್ದಾರೆಯೇ ನೋಡಿ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಲೇಪನವನ್ನು ಕೊರೆಯುತ್ತದೆ. ಅಲ್ಲಿ ಬೇಕಿರುವುದು ಗೋಡೆಯೊಳಗೆ ಸೇರಿಸಿ ಮಡಚಿದ ತಗಡಿನ ಪಟ್ಟಿ.

ಚಳಿಗಾಲದ ನೀರು ಸೋರಿಕೆಯಲ್ಲ, ಇಬ್ಬನಿ. ಮೋಡವಿಲ್ಲದ ರಾತ್ರಿ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅಡುಗೆಮನೆಯ, ಬಚ್ಚಲಿನ ಹಬೆ ಅಟ್ಟಕ್ಕೇರಿ ತಗಡಿನ ಕೆಳಮೈಗೆ ತಾಗಿ ನೀರಾಗುತ್ತದೆ. ಅಟ್ಟದಲ್ಲಿ ಹಸಿ ಅಡಿಕೆ ಹರಡಿದ್ದರಂತೂ ಕೇಳುವುದೇ ಬೇಡ. ಸೂರಿನಡಿ ಉದ್ದಕ್ಕೂ ಜಾಲರಿ ಹಾಕಿದ ಕಿಂಡಿ, ನೆತ್ತಿಯಲ್ಲಿ ಮಳೆ ಒಳಬರದಂತೆ ಗಾಳಿ ಹೊರಬಿಡುವ ರಿಡ್ಜ್ ತುಂಡು, ಎರಡೂ ಬೇಕು. ಒಂದೇ ಇದ್ದರೆ ಗಾಳಿ ಸಾಗುವುದಿಲ್ಲ.

ಪ್ರಶ್ನೆ: ನಮ್ಮದು ಇಳಿಜಾರು ಆರ್‌ಸಿಸಿ ಮಾಡು. ಸೋರಿಕೆ ತಡೆಯಲು ಮೇಲೆ ಶಿಂಗಲ್ಸ್ ಹಾಕಿಸಬಹುದೇ? — ಮಡಿಕೇರಿ

ಹಾಕಿಸಬಹುದು. ಘಟ್ಟದಲ್ಲಿ ಶಿಂಗಲ್ಸ್‌ಗೆ ತಕ್ಕ ಜಾಗ ಎಂದರೆ ಇದೇ, ಏಕೆಂದರೆ ಹಾಸು ಕೊಳೆಯುವುದಿಲ್ಲ. ಮಳೆಯ ಸದ್ದೂ ಒಳಗೆ ಕೇಳದು. ಆದರೆ ಸೋರಿಕೆ ನಿಲ್ಲಿಸುವ ಕೆಲಸ ಶಿಂಗಲ್ಸ್‌ಗೆ ಮುಂಚೆಯೇ ಮುಗಿದಿರಬೇಕು.

ಮೊದಲು ಇಳಿಜಾರು ಅಳೆಯಿರಿ. 12 ಇಂಚು ಅಡ್ಡಕ್ಕೆ 4 ಇಂಚು ಏರಿದ್ದರೆ, ಅಂದರೆ 18 ಡಿಗ್ರಿ ದಾಟಿದ್ದರೆ ಸರಿ. 2 ಇಂಚಿನವರೆಗೂ ಅಡಿಹಾಳೆಯನ್ನು ಎರಡು ಪದರ ಹಾಸಿ ಹೊದಿಸುವ ಪದ್ಧತಿ ಇದೆ. ಮಡಿಕೇರಿಯ ಎರಚಲಿಗೆ ನಾವು ಅದನ್ನು ಹೇಳುವುದಿಲ್ಲ. ಸ್ಲ್ಯಾಬಿನ ಬಿರುಕು ತುಂಬಿಸಿ, ಬೇಸಿಗೆಯಲ್ಲಿ ಚೆನ್ನಾಗಿ ಒಣಗಲು ಬಿಟ್ಟು, ಬಿಟುಮೆನ್ ಪ್ರೈಮರ್ ಬಳಿದು, ಪೂರ್ತಿ ಅಂಟಿಕೊಳ್ಳುವ ಮೆಂಬ್ರೇನ್ (ನೀರು ತಡೆಯುವ ಹಾಳೆ) ಹಾಸಿ. ಒದ್ದೆ ಸ್ಲ್ಯಾಬಿನ ಮೇಲೆ ಹಾಸಿದರೆ ಒಳಗಿನ ನೀರು ಬಿಸಿಲಿಗೆ ಹಬೆಯಾಗಿ ಗುಳ್ಳೆ ಏಳುತ್ತದೆ. ಆಮೇಲೆ ಸೂರಿನಿಂದ ಮೇಲಕ್ಕೆ ಸಾಲುಸಾಲಾಗಿ ಶಿಂಗಲ್ಸ್. ಎರಡು ಇಳಿಜಾರು ಕೂಡುವ ಕಣಿವೆಗೆ ಎರಡು ಅಡಿ ಅಗಲದ ತಗಡಿನ ಪಟ್ಟಿ ಕಡ್ಡಾಯ.

ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಯಾಕೆಂದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಶಿಂಗಲ್ಸ್ ಗಾಳಿಗೆ ಎದ್ದು ಪಟಪಟ ಬಡಿಯುತ್ತವೆ. ಉತ್ತರದ ಬದಿ ಪೂರ್ತಿ ಕಪ್ಪು ಪಟ್ಟೆಗಳು. ಡಿಸೆಂಬರ್‌ನಲ್ಲಿ ಹಾಕಿಸಿದ್ದು. ಪ್ರೆಶರ್ ವಾಷರ್‌ನಲ್ಲಿ ತೊಳೆಸಬಹುದೇ? — ಸಕಲೇಶಪುರ

ದಯವಿಟ್ಟು ಪ್ರೆಶರ್ ವಾಷರ್ ಹಚ್ಚಬೇಡಿ. ಹರಳು ಕಿತ್ತು ಹೋದರೆ ಬಿಟುಮೆನ್ ಬಿಸಿಲಿಗೆ ತೆರೆದುಕೊಂಡು ಸೀಳುತ್ತದೆ, ಶಿಂಗಲ್ಸ್‌ನ ಆಯುಸ್ಸೇ ಅಲ್ಲಿಗೆ ಮುಗಿಯಿತು.

ಬಡಿತಕ್ಕೆ ಕಾರಣ ಡಿಸೆಂಬರ್. ಪ್ರತಿ ಬಿಲ್ಲೆಯಲ್ಲಿ ಅಂಟಿನ ಒಂದು ಪಟ್ಟಿ ಇರುತ್ತದೆ. ಬಿಸಿಲಿನ ಕಾವಿಗೆ ಅದು ಕರಗಿ, ಮೇಲಿನ ಸಾಲು ಕೆಳಗಿನದಕ್ಕೆ ಹಿಡಿದುಕೊಳ್ಳುತ್ತದೆ. ಚಳಿಗಾಲದಲ್ಲಿ, ಅದೂ ನೆರಳಿನ ಬದಿಯಲ್ಲಿ, ಆ ಕಾವು ಸಿಗುವುದಿಲ್ಲ. ಅಷ್ಟರಲ್ಲಿ ಧೂಳು ಕೂತು ಅಂಟು ಸತ್ತುಹೋಗುತ್ತದೆ. ಮಾರ್ಚ್‌ನ ಒಣ ಮಧ್ಯಾಹ್ನ ಬಿಲ್ಲೆಗಳನ್ನು ಮೆಲ್ಲಗೆ ಎತ್ತಿ, ಪ್ರತಿ ಎಸಳಿನಡಿ ರೂಪಾಯಿ ನಾಣ್ಯದಗಲದ ಬಿಟುಮೆನ್ ಅಂಟನ್ನು ಎರಡು ಕಡೆ ಇಟ್ಟು ಒತ್ತಿಸಿ. ಹೆಚ್ಚು ಮೆತ್ತಿದರೆ ಬಿಲ್ಲೆ ಉಬ್ಬುತ್ತದೆ. ಎತ್ತಿದಾಗ ಮೊಳೆಗಳನ್ನೂ ನೋಡಿ: ಗಾಳಿಯ ಜಾಗಕ್ಕೆ ಬಿಲ್ಲೆಗೆ ಆರು ಮೊಳೆ ಬೇಕು, ನಾಲ್ಕಲ್ಲ. ಮೊಳೆ ಗುರುತಿನ ಗೆರೆಯ ಮೇಲೆಯೇ ಇರಬೇಕು. ಗೆರೆಗಿಂತ ಮೇಲೆ ಹೊಡೆದದ್ದು ಅಡಿಯ ಸಾಲನ್ನು ಹಿಡಿದಿರುವುದಿಲ್ಲ. ತಲೆ ಒಳಗೆ ಹೂತಿದ್ದರೆ ಬಿಲ್ಲೆ ಹರಿದಿದೆ ಎಂದೇ ಅರ್ಥ.

ಕಪ್ಪು ಪಟ್ಟೆ ಗ್ಲಿಯೋಕ್ಯಾಪ್ಸಾ ಎಂಬ ನೀಲಿ-ಹಸಿರು ಪಾಚಿ. ಬಿಲ್ಲೆಯಲ್ಲಿ ಬೆರೆಸಿರುವ ಸುಣ್ಣಕಲ್ಲಿನ ಪುಡಿಯೇ ಅದಕ್ಕೆ ಆಹಾರ. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣಕ್ಕೆ (ಬಟ್ಟೆಗೆ ಬಳಸುವ ಬ್ಲೀಚ್) ಸಮ ಪಾಲು ನೀರು ಬೆರೆಸಿ ಸಿಂಪಡಿಸಿ, 15–20 ನಿಮಿಷ ಬಿಟ್ಟು, ಸಾಧಾರಣ ಪೈಪಿನ ನೀರಿನಲ್ಲಿ ತೊಳೆಯಿರಿ. ಅದಕ್ಕೆ ಮುಂಚೆ ಮಳೆನೀರಿನ ತೊಟ್ಟಿಯ ಪೈಪನ್ನು ಬಿಚ್ಚಿಡಿ, ಸೂರಿನಡಿಯ ಗಿಡಗಳನ್ನು ನೆನೆಸಿ ಮುಚ್ಚಿ, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಒದ್ದೆಯಾದ ಮಾಡು ಜಾರುತ್ತದೆ, ಹಗ್ಗ ಕಟ್ಟಿಕೊಳ್ಳದೆ ಯಾರನ್ನೂ ಹತ್ತಿಸಬೇಡಿ. ಹಸಿರು ಹಾವಸೆ ಇದ್ದರೆ ಅದು ಒಣಗಿದ ಮೇಲೆ ಮೆತ್ತನೆ ಪೊರಕೆಯಿಂದ ಮೇಲಿನಿಂದ ಕೆಳಕ್ಕೆ ಗುಡಿಸಿದರೆ ಸಾಕು.

ಮತ್ತೆ ಬಾರದಂತೆ ನೆತ್ತಿಯಡಿ ಎರಡು ಇಂಚು ಹೊರಗೆ ಕಾಣುವಂತೆ ಸತುವಿನ ಪಟ್ಟಿ ಕೂರಿಸಿ. ತಾಮ್ರ ಇನ್ನೂ ಚೆನ್ನಾಗಿ ಕೆಲಸಮಾಡುತ್ತದೆ, ಆದರೆ ತಾಮ್ರದ ಮೇಲಿಂದ ಇಳಿದ ನೀರು ಗ್ಯಾಲ್ವಲ್ಯೂಮ್ ಅಥವಾ ಅಲ್ಯೂಮಿನಿಯಂನ ಸೂರಿನ ದೋಣಿಯನ್ನು (ಗಟರ್) ತೂತು ಮಾಡುತ್ತದೆ. ಪಿವಿಸಿ ದೋಣಿ ಇದ್ದರೆ ಮಾತ್ರ ತಾಮ್ರ.

ಪ್ರಶ್ನೆ: ಶೀಟಿನ ಮಾಡಿಗೆ ಸಿಡಿಲು ಬೇಗ ಬಡಿಯುತ್ತದೆಯೇ? ಬಚ್ಚಲ ಒಲೆಯ ಹೊಗೆಕೊಳವೆಯನ್ನು ಶೀಟಿನ ಮೂಲಕ ಹೊರತರುವುದು ಹೇಗೆ? — ಸೋಮವಾರಪೇಟೆ

ಲೋಹವೆಂಬ ಕಾರಣಕ್ಕೆ ಸಿಡಿಲು ಬರುವುದಿಲ್ಲ. ಮನೆಯ ಎತ್ತರ, ಗುಡ್ಡದ ಮೇಲಿನ ಜಾಗ ಮುಖ್ಯ. ಆದರೂ ಟ್ರಸ್ಸಿಗೂ ಶೀಟಿಗೂ ಅರ್ಥಿಂಗ್ ಕೊಡಿಸಿ. ಶೀಟಿಗೆ ತಾಗುವ ಪಟ್ಟಿ ಜಿಐ (ಸತು ಲೇಪಿಸಿದ ಕಬ್ಬಿಣ) ಇರಲಿ, ತಾಮ್ರ ಬೇಡ.

ಹೊಗೆಕೊಳವೆಗೆ ಮಾಮೂಲಿ ಇಪಿಡಿಎಂ ರಬ್ಬರ್ ಟೋಪಿ ಹಾಕಬೇಡಿ, ಅದು ತಾಳುವುದು ಸುಮಾರು 115 ಡಿಗ್ರಿ. 200 ಡಿಗ್ರಿ ತಾಳುವ ಸಿಲಿಕೋನ್ ಟೋಪಿ ಸಿಗುತ್ತದೆ. ಕೊಳವೆಯ ಸುತ್ತ ಇನ್ನೊಂದು ದೊಡ್ಡ ಕೊಳವೆ, ನಡುವೆ ಎರಡು ಇಂಚು ಗಾಳಿ ಬಿಟ್ಟರೆ ಇನ್ನೂ ಕ್ಷೇಮ. ತೂತನ್ನು ಆದಷ್ಟು ನೆತ್ತಿಯ ಹತ್ತಿರ ಮಾಡಿಸಿ, ಮೇಲಿನಿಂದ ಬಂದು ಅದಕ್ಕೆ ಬಡಿಯುವ ನೀರು ಕಡಿಮೆ. ಮಸಿ ಬೆರೆತ ನೀರು ಶೀಟನ್ನು ತಿನ್ನುವುದರಿಂದ ಕೊಳವೆಯ ಕೆಳಗಿನ ಪಟ್ಟೆಯನ್ನು ವರ್ಷಕ್ಕೊಮ್ಮೆ ತೊಳೆಯಿರಿ.

ಪ್ರಶ್ನೆ: ಮಳೆ ಜೋರಾದಾಗ ದೋಣಿ ತುಂಬಿ ನೀರು ಗೋಡೆಗೆ ಇಳಿಯುತ್ತದೆ. ಎಷ್ಟು ಪೈಪು ಬೇಕು? — ಆಗುಂಬೆ ಬಳಿಯ ಓದುಗರು

ನಿಮ್ಮಲ್ಲಿ ವರ್ಷಕ್ಕೆ 7,000 ಎಂಎಂಗೂ ಹೆಚ್ಚು ಮಳೆ. ಆದರೂ ದೋಣಿಯ ಲೆಕ್ಕ ಹಾಕಬೇಕಾದದ್ದು ಗಂಟೆಯ ಮಳೆಯಿಂದ. ಮೊದಲ ಪ್ರಶ್ನೆಯ 36×46 ಅಡಿಯ ಮಾಡನ್ನೇ ತೆಗೆದುಕೊಂಡರೆ, ಒಂದು ಬದಿ ನೆಲದ ಅಳತೆಯಲ್ಲಿ 77 ಚದರ ಮೀಟರ್; ಗಂಟೆಗೆ 100 ಎಂಎಂ ಸುರಿದರೆ ಅದರಿಂದ ಗಂಟೆಗೆ 7,700 ಲೀಟರ್ ಇಳಿಯುತ್ತದೆ. 110 ಎಂಎಂ ಪೈಪು ಒಂದಕ್ಕೆ ಸುಮಾರು 80 ಚದರ ಮೀಟರ್ ಮಿತಿ. ಎಲೆ ಕಟ್ಟುವುದನ್ನೂ ಎಣಿಸಿ ನಿಮ್ಮ ಕಡೆ ಬದಿಗೆ ಎರಡು ಪೈಪು ಇಡಿ, ಎರಡೂ ತುದಿಗೆ. ದೋಣಿ ಆರು ಇಂಚಿನದಿರಲಿ. ನಡುವಿನಿಂದ ತುದಿಗಳ ಕಡೆಗೆ ಹತ್ತಡಿಗೆ ಮುಕ್ಕಾಲು ಇಂಚು ಇಳಿತ, ಎರಡಡಿಗೊಂದು ಕ್ಲ್ಯಾಂಪ್. ದೋಣಿಯ ಹೊರತುಟಿ ಒಳತುಟಿಗಿಂತ ಅರ್ಧ ಇಂಚು ತಗ್ಗಿರಲಿ. ಆಗ ತುಂಬಿ ಹರಿದರೂ ನೀರು ಅಂಗಳಕ್ಕೆ ಬೀಳುತ್ತದೆ, ಗೋಡೆಗೆ ಅಲ್ಲ.