ನಾಲ್ಕರ ಮಗು, ಚಂದ್ರನ ಪ್ರಶ್ನೆ

ಪ್ರಶ್ನೆ: ನನ್ನ ಮಗಳಿಗೆ 4 ವರ್ಷ 2 ತಿಂಗಳು. ಯಾರೂ ಕೂರಿಸಿ ಕಲಿಸದಿದ್ದರೂ ಬಸ್ಸಿನ ಬೋರ್ಡುಗಳನ್ನು ಒತ್ತಕ್ಷರ ಸಮೇತ ಓದುತ್ತಾಳೆ. ಮೊನ್ನೆ ರಾತ್ರಿ ಪ್ರಯಾಣದಲ್ಲಿ, "ಚಂದ್ರ ನಮ್ಮ ಬಸ್ಸಿನ ಜೊತೆ ಬರ್ತಾನೆ. ಆ ಕಡೆ ಹೋಗೋ ಬಸ್ಸಿನ ಜೊತೆಗೂ ಹೋಗ್ತಾನಾ?" ಎಂದು ಕೇಳಿದಳು. ಆದರೆ ಅಂಗಿಯ ಗುಂಡಿ ಹಾಕಲು ಬಾರದಿದ್ದರೆ ಬಹಳ ಹೊತ್ತು ಅಳುತ್ತಾಳೆ. ಐಕ್ಯೂ ಪರೀಕ್ಷೆ ಮಾಡಿಸಬೇಕೆ? ನೇರವಾಗಿ ಒಂದನೇ ತರಗತಿಗೆ ಸೇರಿಸಬಹುದೆ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ಚಂದ್ರನ ಪ್ರಶ್ನೆಯ ಬಳಿ ನಿಂತುಬಿಟ್ಟೆ. ತಾನು ಕಂಡದ್ದನ್ನು ಎದುರು ದಿಕ್ಕಿನ ಬಸ್ಸಿನಲ್ಲಿ ಕುಳಿತವರ ಕಡೆಯಿಂದಲೂ ನೋಡಿ, ಎರಡೂ ಒಟ್ಟಿಗೆ ನಿಜವಾಗುವುದು ಹೇಗೆಂದು ಈ ವಯಸ್ಸಿನ ಮಗು ಕೇಳುತ್ತಿದೆಯೆಂದರೆ, ಅದು ವಯಸ್ಸಿಗೆ ಮೀರಿದ ಆಲೋಚನೆಯ ಗುರುತು. ಮಗ್ಗಿ, ಶ್ಲೋಕ, ರಾಜಧಾನಿಗಳ ಹೆಸರನ್ನು ಬಾಯಿಪಾಠ ಒಪ್ಪಿಸುವುದನ್ನೇ ಪ್ರತಿಭೆಯೆಂದು ಮೆಚ್ಚುವ ನಾವು ಇಂಥ ಪ್ರಶ್ನೆಗಳನ್ನು ಅಧಿಕಪ್ರಸಂಗವೆಂದು ಗದರುವುದುಂಟು. ಅದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ.

ಓದಿನ ವಿಚಾರದಲ್ಲಿ ಒಂದು ಎಚ್ಚರ ಬೇಕು. ಕೆಲವು ಮಕ್ಕಳು ಅಕ್ಷರಗಳನ್ನು ಅತಿ ಬೇಗ ಹಿಡಿದರೂ ಓದಿದ್ದರ ಅರ್ಥ ಅವರಿಗೆ ಆಗಿರುವುದಿಲ್ಲ, ಎದುರಿನವರೊಡನೆ ಮಾತುಕತೆಯೂ ಹಿಂದುಳಿದಿರುತ್ತದೆ. ಇದನ್ನು ಹೈಪರ್‌ಲೆಕ್ಸಿಯಾ ಎನ್ನುತ್ತಾರೆ, ಕೆಲವರಲ್ಲಿ ಇದು ಆಟಿಸಂ ಜೊತೆಗೆ ಕಾಣಿಸುತ್ತದೆ. ಅವಳೇ ಓದಿದ ಪುಟ್ಟ ಕತೆಯನ್ನು ತನ್ನ ಮಾತಿನಲ್ಲಿ ಹೇಳಿಸಿ ನೋಡಿ. ಹೇಳಿದರೆ ಆತಂಕ ಬೇಡ.

ಗುಂಡಿಯ ಅಳುವೂ ವಯಸ್ಸಿಗೆ ಮೀರಿದ ಈ ಬುದ್ಧಿಯದೇ ಇನ್ನೊಂದು ಮುಖ. ಬುದ್ಧಿ 6ರ ಮಗುವಿನಂತೆ ಓಡುತ್ತಿದ್ದರೂ ಬೆರಳುಗಳ ಸ್ನಾಯುಗಳು ಮತ್ತು ಭಾವನೆಗಳು 4ರಲ್ಲಿಯೇ ಇರುತ್ತವೆ. ಗುಂಡಿ ಹೇಗೆ ಕೂರಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿದೆ, ಕೈ ಕೇಳುತ್ತಿಲ್ಲ. ಇದನ್ನು ಹಟವೆಂದು ಭಾವಿಸಬೇಡಿ.

ಇನ್ನು ಐಕ್ಯೂ, ಅಂದರೆ ಬುದ್ಧಿಮಟ್ಟ ಅಳೆಯುವ ಪರೀಕ್ಷೆಯ ವಿಚಾರ. ನಮ್ಮಲ್ಲಿ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿಯೇ ಅಳವಡಿಸಿದರು. ಐಕ್ಯೂ ಪರೀಕ್ಷೆಗಳಲ್ಲಿ ಸರಾಸರಿ ಅಂಕ 100. 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. ಆದರೆ ಈ ವಯಸ್ಸಿನಲ್ಲಿ ನಿದ್ದೆ, ಹಸಿವು, ಅಪರಿಚಿತರ ಅಂಜಿಕೆಯಿಂದಲೇ ಅಂಕ ಏರುಪೇರಾಗುವುದರಿಂದ, ಶಾಲೆಯಲ್ಲಿ ತೊಂದರೆ ಕಾಣದ ಹೊರತು 6 ವರ್ಷ ತುಂಬುವವರೆಗೆ ಕಾಯುವುದು ಒಳ್ಳೆಯದು. ಆಗಲೂ ಅರ್ಹ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿಯೇ ಮಾಡಿಸಿ. ಬೆರಳಚ್ಚು ನೋಡಿ ಮಗುವಿನ ಪ್ರತಿಭೆ ಹೇಳುತ್ತೇವೆನ್ನುವ ಪರೀಕ್ಷೆಗಳಿಗೆ ವೈಜ್ಞಾನಿಕ ಆಧಾರವಿಲ್ಲ, ಅವಕ್ಕೆ ಹಣ ಸುರಿಯಬೇಡಿ.

ಒಂದನೇ ತರಗತಿ ಈಗ ಖಂಡಿತ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದಕ್ಕೆ 6 ವರ್ಷವೆಂದಿದೆ. ತನಗಿಂತ ಎರಡು ವರ್ಷ ದೊಡ್ಡವರ ನಡುವೆ ಅವಳು ಓದಿನಲ್ಲಿ ಸರಿಸಮನಾದರೂ ಬರೆಯುವಾಗ, ಆಟದಲ್ಲಿ, ಗೆಳೆತನದಲ್ಲಿ ಒಂಟಿಯಾಗುತ್ತಾಳೆ.

ಅವಳೆದುರು "ಎಷ್ಟು ಬುದ್ಧಿವಂತೆ" ಎಂದು ಪದೇ ಪದೇ ಹೇಳಬೇಡಿ. ಬುದ್ಧಿಯನ್ನು ಹೊಗಳಿಸಿಕೊಂಡ ಮಕ್ಕಳು ಸೋಲಿನ ಭಯದಿಂದ ಕಷ್ಟದ ಕೆಲಸಕ್ಕೆ ಹಿಂಜರಿಯುತ್ತಾರೆಂದು ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ತೋರಿಸಿದ್ದಾರೆ. ಗುಂಡಿಗೇ ಕಣ್ಣೀರಿಡುವ ಮಗುವಿಗೆ ಆ ಹೊರೆ ಬೇಡ. ಚಪಾತಿ ಹಿಟ್ಟು ನಾದಲು, ಹೂ ಕಟ್ಟಲು ಕೊಡಿ, ಬೆರಳು ಪಳಗುತ್ತದೆ. ಚಂದ್ರನ ಪ್ರಶ್ನೆಗೆ ಉತ್ತರವನ್ನೂ ಹೇಳಿಬಿಡಬೇಡಿ. ಬೆಳದಿಂಗಳ ರಾತ್ರಿ ಬೇರೆ ಊರಿನಲ್ಲಿರುವ ಅಜ್ಜಿಗೆ ಫೋನ್ ಮಾಡಿಸಿ, ಅಲ್ಲಿ ಚಂದ್ರ ಎಲ್ಲಿದ್ದಾನೆಂದು ಅವಳಿಂದಲೇ ಕೇಳಿಸಿ.