ಅಮಿಗಾ 2000, ಟೋಸ್ಟರ್ ಕಾರ್ಡ್ ಮತ್ತು ಮದುವೆ ಕ್ಯಾಸೆಟ್: ಮೂಡಿಗೆರೆಯ ತಮ್ಮನಿಗೆ ಉತ್ತರ

ತಮ್ಮ, ಆ ಅಮಿಗಾ ಕಂಪ್ಯೂಟರಿನ ಸ್ವಿಚ್ ಇನ್ನೂ ಹಾಕಿಲ್ಲ ತಾನೆ? ಹಾಕಿಲ್ಲದಿದ್ದರೆ ದಯವಿಟ್ಟು ಹಾಕಬೇಡಿ. ಇದೇ ಚರ್ಚೆಯಲ್ಲಿ ಮೇಲೆ ಒಬ್ಬರು "ಸುಮ್ಮನೆ ಆನ್ ಮಾಡಿ ನೋಡಿ, ಓಡಿದರೆ ಓಡುತ್ತೆ" ಅಂದಿದ್ದಾರೆ. ಅವರ ಮಾತು ಕೇಳಬೇಡಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಚಿಕ್ಕಪ್ಪನವರ ಮುಚ್ಚಿದ ವಿಡಿಯೋ ಸ್ಟುಡಿಯೋದ ಸಾಮಾನು ಅಟ್ಟದಲ್ಲಿ ಸಿಕ್ಕಿದೆ. ಅದರಲ್ಲಿ ಅಮೆರಿಕದಿಂದ ಬಂದ ಕಮೊಡೋರ್ ಕಂಪನಿಯ ಅಮಿಗಾ 2000 ಕಂಪ್ಯೂಟರ್ ಇದೆ. ಒಳಗೆ ನ್ಯೂಟೆಕ್ ಅಂತ ಬರೆದ ದೊಡ್ಡ ಕಾರ್ಡ್, ಹಿಂದೆ ಸಾಲಾಗಿ ಬಿಎನ್‌ಸಿ ಸಾಕೆಟ್ಟುಗಳು. ಜೊತೆಗೆ ಎರಡು ರಟ್ಟಿನ ಪೆಟ್ಟಿಗೆ ತುಂಬ ವಿಎಚ್‌ಎಸ್ ಮದುವೆ ಕ್ಯಾಸೆಟ್. ಆ ಕ್ಯಾಸೆಟ್ಟುಗಳಿಗೆ ಅದೇ ಯಂತ್ರದಲ್ಲಿ ಕನ್ನಡ ಟೈಟಲ್ ಹಾಕಿ ಈಗಿನ ಕಂಪ್ಯೂಟರಿಗೆ ಇಳಿಸಬಹುದೇ ಅಂತ ಕೇಳಿದ್ದೀರಿ.

ಇಳಿಸಬಹುದು, ಟೈಟಲ್ಲೂ ಹಾಕಬಹುದು. ಆದರೆ ಟೈಟಲ್ ಕೆಲಸ ಆ ಕಾರ್ಡಿನಿಂದ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮೂರು ತಿಂಗಳು ಒದ್ದಾಡಿ ಬೇಜಾರಾಗುತ್ತೀರಿ.

ನಿಮ್ಮ ಹತ್ತಿರ ಇರುವುದು ವಿಡಿಯೋ ಟೋಸ್ಟರ್. 1990ರ ಕೊನೆಯಲ್ಲಿ ಮಾರುಕಟ್ಟೆಗೆ ಬಂತು. ಟಿವಿ ಕೇಂದ್ರದಲ್ಲಿ ಒಂದು ಕೋಣೆ ತುಂಬ ಇರುತ್ತಿದ್ದ ಸ್ವಿಚರ್ (ಒಂದು ವಿಡಿಯೋದಿಂದ ಇನ್ನೊಂದಕ್ಕೆ ಬದಲಿಸುವ ಯಂತ್ರ), ಎಫೆಕ್ಟ್, ಅಕ್ಷರ ಬರೆಯುವ ಯಂತ್ರ, ಪೇಂಟ್, ಮೂರು ಆಯಾಮದ ಲೈಟ್‌ವೇವ್, ಎಲ್ಲವನ್ನೂ ಒಂದು ಕಾರ್ಡು ಮತ್ತು ಅದರ ಸಾಫ್ಟ್‌ವೇರ್‌ಗೆ ಇಳಿಸಿದರು. ಆಗ ಅದರ ಬೆಲೆ ಎರಡು ಸಾವಿರದ ನಾನೂರು ಡಾಲರಿನ ಆಸುಪಾಸು. ಅದನ್ನು ತರಿಸಿಕೊಂಡ ನಿಮ್ಮ ಚಿಕ್ಕಪ್ಪನವರಿಗೆ ಆ ಕೆಲಸದ ಮೇಲೆ ಎಷ್ಟು ಪ್ರೀತಿ ಇದ್ದಿರಬೇಕು ಅಂತ ಯೋಚಿಸುತ್ತಿದ್ದೇನೆ. ನಾನು ಹಾಸನದ ಬಿ.ಎಂ. ರಸ್ತೆಯಲ್ಲಿ ಹದಿನಾಲ್ಕು ವರ್ಷ ಮಿಕ್ಸಿಂಗ್ ಅಂಗಡಿ ನಡೆಸಿದವನು. ನಮಗೆಲ್ಲ ಟೋಸ್ಟರ್ ಅಂದರೆ ಪತ್ರಿಕೆಯಲ್ಲಿ ಚಿತ್ರ ನೋಡುವ ವಸ್ತು.

ತೊಡಕು ಇರುವುದು ಸಿಗ್ನಲ್ಲಿನಲ್ಲಿ. ನಮ್ಮಲ್ಲಿ 1982ರಲ್ಲಿ ಬಣ್ಣದ ದೂರದರ್ಶನ ಬಂದಾಗಿನಿಂದ ಪಾಲ್ ಪದ್ಧತಿ: ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 50 ಫೀಲ್ಡ್ (ಗೆರೆ ಬಿಟ್ಟು ಗೆರೆ ಬರೆದ ಅರ್ಧ ಚಿತ್ರ), ಬಣ್ಣದ ಅಲೆ 4.43 ಮೆಗಾಹರ್ಟ್ಜ್. ಅಮೆರಿಕದ್ದು ಎನ್‌ಟಿಎಸ್‌ಸಿ: 525 ಗೆರೆ, ಸುಮಾರು 60 ಫೀಲ್ಡ್, 3.58 ಮೆಗಾಹರ್ಟ್ಜ್. ಟೋಸ್ಟರನ್ನು ಎನ್‌ಟಿಎಸ್‌ಸಿ ಒಂದಕ್ಕೇ ಮಾಡಿದರು. ಜಂಪರ್ (ಬೋರ್ಡಿನ ಮೇಲಿನ ಪುಟ್ಟ ಜೋಡಣೆ) ಬದಲಿಸಿ ಪಾಲ್ ಮಾಡಿಕೊಳ್ಳುವ ದಾರಿ ಅದರಲ್ಲಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿರುವ ಮದುವೆಗಳೆಲ್ಲ ಪಾಲ್. ಎರಡೂ ಒಂದೇ ಮನೆಯಲ್ಲಿದ್ದರೂ ಒಂದಕ್ಕೊಂದು ಮಾತಾಡುವುದಿಲ್ಲ.

ಈಗ ಸ್ವಿಚ್ಚಿನ ವಿಷಯ. ಅಮಿಗಾ 2000ದ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಹತ್ತಿರ ಪೀಪಾಯಿ ಆಕಾರದ ಸಣ್ಣ ಬ್ಯಾಟರಿ ಇದೆ, 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ. ಗಡಿಯಾರಕ್ಕೆ ಹಾಕಿದ್ದು. ಮೂವತ್ತು ವರ್ಷದಲ್ಲಿ ಅದು ಸೋರದೆ ಇರುವುದು ಅಪರೂಪ, ಅದರಲ್ಲೂ ನಿಮ್ಮ ಕಡೆಯ ಮಳೆಯಲ್ಲಿ. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನೂ ಪಕ್ಕದ ಸಿಪಿಯು ಸ್ಲಾಟಿನ ಕಾಲುಗಳನ್ನೂ ತಿನ್ನುತ್ತದೆ. ನಾನು ಕೊಂಡ ಮೊದಲ 2000ವನ್ನು ಮುಚ್ಚಳ ತೆಗೆಯದೆ ಆನ್ ಮಾಡಿದೆ. ಪರದೆ ಹಸಿರಾಯಿತು, ಅಷ್ಟೇ. ಒಳಗೆ ನೋಡಿದರೆ ಬ್ಯಾಟರಿ ಸುತ್ತ ನೀಲಿ ಹಸಿರು ಬೂಷ್ಟಿನ ಹಾಗೆ ಹರಡಿತ್ತು. ಆ ಬೋರ್ಡು ಮತ್ತೆ ಏಳಲೇ ಇಲ್ಲ. ಇವತ್ತಿಗೂ ಆ ದಿನ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಮೊದಲು ಮುಚ್ಚಳ ಬಿಚ್ಚಿ, ಬ್ಯಾಟರಿಯ ಕಾಲು ಕತ್ತರಿಸಿ ತೆಗೆಯಿರಿ. ಸೋರಿದ್ದರೆ ಬಿಳಿ ವಿನಿಗರ್ ಅದ್ದಿದ ಬ್ರಷ್‌ನಿಂದ ಆ ಜಾಗ ಮಾತ್ರ ಉಜ್ಜಿ. ಕ್ಷಾರಕ್ಕೆ ಆಮ್ಲವೇ ಮದ್ದು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಎರಡು ದಿನ ಒಣಗಲು ಬಿಡಿ. ಹೊಸ ಬ್ಯಾಟರಿ ತಕ್ಷಣಕ್ಕೆ ಬೇಡ, ಗಡಿಯಾರ ಇಲ್ಲದೆಯೂ ಯಂತ್ರ ಓಡುತ್ತದೆ. ಮುಂದೆ ಸಿಆರ್2032 ಬಿಲ್ಲೆ ಬ್ಯಾಟರಿ ಹಾಕುವುದಾದರೆ ಡಯೋಡ್ ಇಲ್ಲದೆ ಹಾಕಬೇಡಿ. ಹಳೆ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದ್ದ ಕರೆಂಟು ಅಲ್ಲಿ ಬರುತ್ತಲೇ ಇರುತ್ತದೆ, ಆ ಬಿಲ್ಲೆ ಚಾರ್ಜ್ ತಡೆದುಕೊಳ್ಳುವುದಿಲ್ಲ.

ಎರಡನೆಯದು ಪವರ್ ಸಪ್ಲೈ. ಅಮೆರಿಕದ್ದಾದ್ದರಿಂದ ಹಿಂದಿನ ಪಟ್ಟಿಯಲ್ಲಿ ಎಷ್ಟು ವೋಲ್ಟ್ ಅಂತ ಓದಿ. 110ರ ಸುತ್ತಮುತ್ತ ಮಾತ್ರ ಬರೆದಿದ್ದರೆ 230ಕ್ಕೆ ಚುಚ್ಚಿದ ಕ್ಷಣವೇ ಹೋಗುತ್ತದೆ. 500 ವಿಎ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಸಾಕು. ಈಗಿನ ಪಿಸಿಯ ಎಟಿಎಕ್ಸ್ ಸಪ್ಲೈ ಕೂರಿಸುವವರೂ ಇದ್ದಾರೆ. ಆದರೆ ಮೂಲ ಸಪ್ಲೈ ಬೋರ್ಡಿಗೆ ಟಿಕ್ ಅನ್ನುವ ಒಂದು ಸಿಗ್ನಲ್ ಕೊಡುತ್ತದೆ, ಎಟಿಎಕ್ಸ್‌ನಲ್ಲಿ ಅದಿಲ್ಲ. ಬೋರ್ಡಿನ ಜಂಪರ್ ಬದಲಿಸಿ ಟಿಕ್ಕನ್ನು ವಿಡಿಯೋ ಸಿಂಕ್‌ನಿಂದ ತೆಗೆದುಕೊಳ್ಳುವ ಹಾಗೆ ಮಾಡಬೇಕು. ಇದನ್ನು ಮರೆತು "ಯಂತ್ರ ಅರ್ಧಕ್ಕೆ ನಿಲ್ಲುತ್ತೆ" ಅಂತ ಗೋಳಾಡುವವರನ್ನು ನೋಡಿದ್ದೇನೆ.

ಒಳಗೆ ಕೈ ಹಾಕಿದಾಗಲೇ ಎರಡು ಅಂಕಿ ಬರೆದುಕೊಳ್ಳಿ. ಒಂದು, ತಗಡಿನ ಡಬ್ಬಿಯಂತಿರುವ ಕ್ರಿಸ್ಟಲ್ ಮೇಲಿನದು. 28.63636 ಇದ್ದರೆ ಎನ್‌ಟಿಎಸ್‌ಸಿ ಯಂತ್ರ, 28.37516 ಇದ್ದರೆ ಪಾಲ್. ಇನ್ನೊಂದು, ಪರದೆಯ ಚಿತ್ರದ ಲೆಕ್ಕ ನೋಡಿಕೊಳ್ಳುವ ಆಗ್ನಸ್ ಅನ್ನುವ ಚೌಕದ ಚಿಪ್ ಮೇಲಿನದು. 8370 ಎನ್‌ಟಿಎಸ್‌ಸಿಗೆ ಮಾತ್ರ, 8371 ಪಾಲ್‌ಗೆ ಮಾತ್ರ, 8372ಎ ಎರಡಕ್ಕೂ ಒಗ್ಗುತ್ತದೆ. ನಿಮ್ಮದರಲ್ಲಿ 8372ಎ ಇದ್ದರೆ ಅದೃಷ್ಟ, ಮುಂದಿನ ಕೆಲಸ ಸುಲಭ.

ಮದುವೆ ಕ್ಯಾಸೆಟ್ಟಿಗೆ ಬೇಕಾದದ್ದು ಜೆನ್‌ಲಾಕ್, ವಿಡಿಯೋದ ಮೇಲೆ ಅಮಿಗಾದ ಚಿತ್ರ ಕೂರಿಸುವ ಸಾಧನ. ಪೆಟ್ಟಿಗೆಯ ತಳದಲ್ಲಿ ಇನ್ನೊಮ್ಮೆ ಹುಡುಕಿ. ಅಂಗೈಯಗಲದ ಡಬ್ಬಿ, ಒಂದು ಕಡೆ 23 ಪಿನ್ನಿನ ಕನೆಕ್ಟರ್, ಇನ್ನೊಂದು ಕಡೆ ವಿಡಿಯೋ ಇನ್, ವಿಡಿಯೋ ಔಟ್. ಪಾಲ್ ಜೆನ್‌ಲಾಕ್ ಹೊರಗಿನಿಂದ ಬಂದ ವಿಡಿಯೋದ ತಾಳ ಹಿಡಿದು ಅದನ್ನೇ ಅಮಿಗಾಕ್ಕೆ ಗಡಿಯಾರವಾಗಿ ಕೊಡುತ್ತದೆ. ಇಡೀ ಕಂಪ್ಯೂಟರ್ ಆ ವಿಡಿಯೋದ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ಬೇರೆ ಯಾವ ಮನೆ ಕಂಪ್ಯೂಟರಿನಲ್ಲೂ ಇಷ್ಟು ಸಲೀಸಾಗಿ ಇದು ಆಗುತ್ತಿರಲಿಲ್ಲ, ಅಮಿಗಾ ವಿಡಿಯೋದವರ ಕಣ್ಮಣಿ ಆದದ್ದೇ ಇದರಿಂದ. ಅಮಿಗಾದ ಪರದೆಯಲ್ಲಿ ಸೊನ್ನೆ ನಂಬರಿನ ಬಣ್ಣ ಎಲ್ಲಿದೆಯೋ ಅಲ್ಲೆಲ್ಲ ಕೆಳಗಿನ ವಿಡಿಯೋ ಕಾಣುತ್ತದೆ, ಉಳಿದ ಬಣ್ಣ ಮೇಲೆ ಕೂರುತ್ತದೆ. ಜೆನ್‌ಲಾಕ್ ಹಾಕುವಾಗ ಟೋಸ್ಟರನ್ನು ಹೊರಗೆ ತೆಗೆದಿಡಿ.

ಇನ್ನು ಕ್ಯಾಸೆಟ್. ಇದರಲ್ಲಿ ಆತುರ ಬೇಡವೇ ಬೇಡ. ಕಿಟಕಿಯಂಥ ಗಾಜಿನಲ್ಲಿ ರೀಲಿನ ಅಂಚು ನೋಡಿ. ಬಿಳಿ ಪುಡಿ ಕಂಡರೆ ಬೂಷ್ಟು. ಅಂಥ ಒಂದು ಕ್ಯಾಸೆಟ್ ವಿಸಿಆರ್‌ಗೆ ಹೋದರೆ ಟೇಪು ಓದುವ ಹೆಡ್ ಕಟ್ಟಿಕೊಳ್ಳುತ್ತದೆ, ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಅವನ್ನು ಬೇರೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಕೆಲವು ವಾರ ಒಣಗಿಸಿ. ಕಾಫಿ ಕಣದಲ್ಲಿ ಬಿಸಿಲಿಗೆ ಇಡುವ ಯೋಚನೆ ಬಂದರೆ ಬಿಟ್ಟುಬಿಡಿ, ಟೇಪು ಸೊಟ್ಟಗಾಗುತ್ತದೆ. ಹೆಡ್ ಒರೆಸುವಾಗ ಹತ್ತಿ ಕಡ್ಡಿ ಮುಟ್ಟಿಸಬೇಡಿ, ಎಳೆ ಸಿಕ್ಕಿ ಹೆಡ್ಡೇ ಮುರಿಯುತ್ತದೆ. ಚರ್ಮದ ಮೆತ್ತನೆ ಒರಸಿಗೆ ಐಸೊಪ್ರೊಪೈಲ್ ಹಚ್ಚಿ ಒತ್ತಿ ಹಿಡಿದು, ಹೆಡ್ ಕೂತಿರುವ ಡ್ರಮ್ಮನ್ನು ಕೈಯಲ್ಲಿ ನಿಧಾನ ತಿರುಗಿಸಿ. ಮೇಲೆ ಕೆಳಗೆ ಉಜ್ಜಬೇಡಿ.

ಒಂದು ಕ್ಯಾಸೆಟ್ಟನ್ನು ಒಂದೇ ಸಲ ಓಡಿಸಿ, ಟೈಟಲ್ ಏನೂ ಇಲ್ಲದೆ ಹಾಗೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅನಲಾಗ್ ಇನ್ ಇರುವ ಮಿನಿ ಡಿವಿ ಕ್ಯಾಮೆರಾ ನೆಂಟರ ಮನೆಯಲ್ಲಿ ಇದ್ದರೆ ಅದರ ಮೂಲಕ ಫೈರ್‌ವೈರ್‌ನಲ್ಲಿ ತೆಗೆಯಿರಿ, ಅಗ್ಗದ ಯುಎಸ್‌ಬಿ ಕಡ್ಡಿಗಿಂತ ಚಿತ್ರ ಸ್ಥಿರ. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. 720 ಗುಣಿಸು 576, ಇಂಟರ್‌ಲೇಸ್ (ಎರಡು ಫೀಲ್ಡ್ ಹೆಣೆದ ಚಿತ್ರ) ಹಾಗೇ ಇರಲಿ. ಇದು ಮೂಲ ಪ್ರತಿ, ಎರಡು ಡಿಸ್ಕಿನಲ್ಲಿಡಿ.

ಆಮೇಲೆ ಟೈಟಲ್. ಇದಕ್ಕೆ ಕ್ಯಾಸೆಟ್ಟನ್ನು ಮತ್ತೆ ಮುಟ್ಟಬೇಕಿಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈ ಗಾತ್ರದ ಕಂಪ್ಯೂಟರ್, ಹಳೆಯದು ಒಂದು ಸಾಕು, ಮೊದಲ ಮಾದರಿಯಲ್ಲಂತೂ ಹಳದಿ ಆರ್‌ಸಿಎ ಸಾಕೆಟ್ಟೇ ಇದೆ. ಅದರ ಕಾನ್ಫಿಗ್ ಕಡತದಲ್ಲಿ ಎಸ್‌ಡಿಟಿವಿ ಮೋಡ್ 2 ಅಂತ ಕೊಟ್ಟರೆ ಪಾಲ್ ಸಿಗ್ನಲ್ ಹೊರಬರುತ್ತದೆ. ಇಳಿಸಿಕೊಂಡ ಕಡತವನ್ನು ಅದರಲ್ಲಿ ಓಡಿಸಿ, ಜೆನ್‌ಲಾಕ್‌ಗೆ ಕೊಟ್ಟು, ಅಲ್ಲಿಂದ ಮತ್ತೆ ರೆಕಾರ್ಡ್ ಮಾಡಿ. ವಿಸಿಆರ್ ಸಿಗ್ನಲ್ಲಿನ ನಡುಕ ಇದರಲ್ಲಿ ಇಲ್ಲ, ಹಾಗಾಗಿ ಚಿತ್ರದ ತಲೆ ಸೊಟ್ಟಗೆ ಬಾಗುವುದಿಲ್ಲ. ನಮ್ಮ ಕಾಲದಲ್ಲಿ ಈ ಅನುಕೂಲ ಇದ್ದಿದ್ದರೆ ಎಷ್ಟು ರಾತ್ರಿ ಉಳಿಯುತ್ತಿತ್ತೋ!

ಅಮಿಗಾದಲ್ಲಿ ಕನ್ನಡ ಫಾಂಟ್ ಹುಡುಕುತ್ತಾ ಕೂರಬೇಡಿ. ನಾವು ಚಿತ್ರ ಬರೆಯುವ ಡಿಲಕ್ಸ್ ಪೇಂಟ್‌ನಲ್ಲಿ ಅಕ್ಷರ ಕೈಯಲ್ಲೇ ಬರೆದು, ಒಂದೊಂದು ಪದವನ್ನೂ ಬ್ರಷ್ ಆಗಿ ಉಳಿಸಿಡುತ್ತಿದ್ದೆವು. ವಧು, ವರ, ಶುಭವಿವಾಹ, ಧಾರೆ, ಆರತಕ್ಷತೆ ಇಷ್ಟು ಒಮ್ಮೆ ಚೆನ್ನಾಗಿ ಬರೆದಿಟ್ಟರೆ ಒಂದು ಸೀಸನ್ ಕಳೆಯುತ್ತಿತ್ತು. 640 ಗುಣಿಸು 512ರ ಇಂಟರ್‌ಲೇಸ್ ಪರದೆ, 16 ಬಣ್ಣ. ಇಲ್ಲಿ ಕನ್ನಡಕ್ಕೇ ಒಂದು ತೊಂದರೆ ಇದೆ: ತಲೆಕಟ್ಟು. ಒಂದೇ ಗೆರೆ ದಪ್ಪದ ಅಡ್ಡಗೀಟು ಒಂದು ಫೀಲ್ಡಿನಲ್ಲಿ ಬಂದು ಇನ್ನೊಂದರಲ್ಲಿ ಇರುವುದಿಲ್ಲ, ಸೆಕೆಂಡಿಗೆ 25 ಸಲ ಮಿಣುಕುತ್ತದೆ. ಎಲ್ಲ ಅಕ್ಷರದ ತಲೆಯೂ ಒಟ್ಟಿಗೆ ನಡುಗಿದರೆ ನೋಡುವವರಿಗೆ ಕಣ್ಣು ನೋವು. ತಲೆಕಟ್ಟು ಎರಡು ಗೆರೆಯಾದರೂ ಇರಲಿ, ಮೂರಾದರೆ ಇನ್ನೂ ಒಳ್ಳೆಯದು. ಒತ್ತಕ್ಷರ ಪುಸ್ತಕದಲ್ಲಿರುವುದಕ್ಕಿಂತ ದೊಡ್ಡದಾಗಿ ಬರೆಯಿರಿ. ವಿಎಚ್‌ಎಸ್ ಅಡ್ಡಲಾಗಿ ಸುಮಾರು 240 ಗೆರೆಯಷ್ಟೇ ವಿವರ ಹಿಡಿಯುತ್ತದೆ, ಟೈಟಲ್ಲಿರುವ ಪ್ರತಿಯನ್ನು ಯಾರಾದರೂ ಮತ್ತೆ ಕ್ಯಾಸೆಟ್ಟಿಗೆ ಕೇಳಿದರೆ "ಕೃಷ್ಣ" ಹೋಗಿ "ಕೃಷ" ಆಗಬಾರದು. ಕುಂಕುಮ ಕೆಂಪು ಚೆಂದ, ಆದರೆ ಪಕ್ಕಕ್ಕೆ ಹರಿಯುತ್ತದೆ. ಹಳದಿ ಅಕ್ಷರಕ್ಕೆ ಕಪ್ಪು ಅಂಚು ನನ್ನ ಆಯ್ಕೆ. ಆ ಕಪ್ಪು ಸೊನ್ನೆ ನಂಬರಿನದಾಗಿರಬಾರದು. ಸೊನ್ನೆಯದಾದರೆ ಅಂಚಿನ ಜಾಗದಲ್ಲಿ ಮದುವಣಗಿತ್ತಿಯ ಸೀರೆ ಕಾಣುತ್ತದೆ. ಬೇರೆ ನಂಬರಿಗೆ ಕಪ್ಪು ತುಂಬಿ ಬಳಸಿ. ಸುತ್ತ ಹತ್ತನೇ ಒಂದು ಭಾಗ ಖಾಲಿ ಬಿಡಿ, ಹಳೆ ಟಿವಿಗಳು ಅಂಚು ನುಂಗುತ್ತವೆ.

ಹಾಗಾದರೆ ಟೋಸ್ಟರ್ ಸುಮ್ಮನೆ ಕೂರಬೇಕೇ? ಮಾರಿಬಿಡಿ ಅಂದವರೂ ಇಲ್ಲಿದ್ದಾರೆ. ನಾನು ಬೇಡ ಅನ್ನುತ್ತೇನೆ. ಅದಕ್ಕೆ ಎನ್‌ಟಿಎಸ್‌ಸಿಯದೇ ಒಂದು ಪುಟ್ಟ ಸಂಸಾರ ಕಟ್ಟಿಕೊಡಿ. ಅದೇ ಪೈಗೆ ಎಸ್‌ಡಿಟಿವಿ ಮೋಡ್ 0 ಕೊಟ್ಟರೆ ಎನ್‌ಟಿಎಸ್‌ಸಿ ಬರುತ್ತದೆ. ಅದು 1ನೇ ಇನ್‌ಪುಟ್‌ಗೆ ಹೋಗಲಿ, ಉಳಿದ ಮೂರಕ್ಕೂ ಅದರದೇ ತಾಳ. ಎರಡನೇ ಪೈಯನ್ನು 2ನೇ ಇನ್‌ಪುಟ್‌ಗೆ ನೇರ ಕೊಟ್ಟರೆ ಆಗುವುದಿಲ್ಲ, ಎರಡರ ಸಿಂಕ್ ಬೇರೆ ಬೇರೆ. ನಡುವೆ ಟೈಮ್ ಬೇಸ್ ಕರೆಕ್ಟರ್ (ಎರಡರ ತಾಳ ಹೊಂದಿಸುವ ಯಂತ್ರ) ಬೇಕು, ಅದು ದುಬಾರಿ. ಒಂದೇ ವಿಡಿಯೋ ಇಟ್ಟುಕೊಂಡು ಅದರಿಂದ ಟೋಸ್ಟರಿನ ಅಕ್ಷರದ ಪುಟಕ್ಕೆ, ಫ್ರೇಮ್ ಬಫರಿನಲ್ಲಿ (ಒಂದು ಚಿತ್ರ ಹಿಡಿದಿಡುವ ಮೆಮೊರಿ) ಇಟ್ಟ ಚಿತ್ರಕ್ಕೆ ವೈಪ್ ಮಾಡುವುದರಲ್ಲೇ (ಒಂದು ಚಿತ್ರ ಸರಿದು ಇನ್ನೊಂದು ಬರುವುದು) ಒಂದು ಮಳೆಗಾಲ ಕಳೆಯಬಹುದು. ಬಿಎನ್‌ಸಿಯಿಂದ ಆರ್‌ಸಿಎಗೆ ಅಡಾಪ್ಟರ್ ಸಿಸಿಟಿವಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಹಾಸನದ ಕಟ್ಟಿನಕೆರೆ ಕಡೆಗೆ ಬಂದರೆ ನಾನೇ ತೋರಿಸುತ್ತೇನೆ. ಕೇಬಲ್ ಆರ್‌ಜಿ 59 ಕೇಳಿ, ಅದು 75 ಓಮ್. ಆರ್‌ಜಿ 58 ನೋಡಲು ಹಾಗೇ ಇದ್ದರೂ 50 ಓಮ್. ಟಿ ಕನೆಕ್ಟರ್ ಹಾಕಿ ಒಂದೇ ಸಿಗ್ನಲ್ಲನ್ನು ಎರಡು ಕಡೆ ಎಳೆದರೆ ಚಿತ್ರ ಮಂಕಾಗುತ್ತದೆ.

ಆ ಯಂತ್ರದ ಹಾರ್ಡ್ ಡಿಸ್ಕ್ ಎಸ್‌ಸಿಎಸ್‌ಐ (ಸ್ಕಸಿ) ಅನ್ನುವ ಹಳೆ ಜೋಡಣೆಯದು ಇರಬೇಕು. ಮೊದಲ ಸಲ ಓಡಿದ ದಿನವೇ ಅದರ ಪ್ರತಿ ತೆಗೆಯಿರಿ, ಟೋಸ್ಟರಿನ ಸಾಫ್ಟ್‌ವೇರ್, ನಿಮ್ಮ ಚಿಕ್ಕಪ್ಪನವರ ಕೆಲಸ ಎಲ್ಲ ಅದರಲ್ಲೇ ಇದ್ದೀತು. ಬ್ಲೂ ಸ್ಕಸಿ ಅನ್ನುವ ಸಣ್ಣ ಬೋರ್ಡಿನಲ್ಲಿ ಮೆಮೊರಿ ಕಾರ್ಡನ್ನೇ ಡಿಸ್ಕ್ ಮಾಡಬಹುದು. ಫ್ಲಾಪಿ ಬದಲಿಗೆ ಗೋಟೆಕ್, ಅದು ಯುಎಸ್‌ಬಿ ಕಡ್ಡಿಯನ್ನೇ ಫ್ಲಾಪಿಯಾಗಿ ತೋರಿಸುತ್ತದೆ.

ಪರದೆಗೆ ಈಗಿನ ಎಲ್‌ಸಿಡಿ ಮಾನಿಟರ್ ನೆಚ್ಚಬೇಡಿ, ಅಮಿಗಾದ 15 ಕಿಲೋಹರ್ಟ್ಜ್ ಅದಕ್ಕೆ ಅರ್ಥವಾಗುವುದು ಕಡಿಮೆ. 2000ದ ಹಿಂದೆ ಕಪ್ಪು ಬಿಳುಪಿನ ಕಾಂಪೊಸಿಟ್ ಔಟ್ ಇದೆ, ಎವಿ ಇನ್ ಇರುವ ಹಳೆ ಡಬ್ಬಿ ಟಿವಿಗೆ ಅದನ್ನು ಕೊಟ್ಟು ಮೊದಲ ಪರೀಕ್ಷೆ ಮಾಡಿ. ಚಿತ್ರ ಮೇಲಕ್ಕೆ ಉರುಳುತ್ತಿದ್ದರೆ ಆ ಟಿವಿ 60 ಫೀಲ್ಡ್ ಹಿಡಿಯುತ್ತಿಲ್ಲ ಅಂತ ಅರ್ಥ, ಅಮಿಗಾ ಕೆಟ್ಟಿಲ್ಲ.

ಚಿತ್ರದಲ್ಲಿ ಅಡ್ಡ ಪಟ್ಟಿ ನಿಧಾನವಾಗಿ ಏರುತ್ತಿದ್ದರೆ ಅದು ಅರ್ಥಿಂಗ್ ದೋಷ. ತೋಟದ ಮನೆಗಳಲ್ಲಿ ಇದು ಮಾಮೂಲು. ಎಲ್ಲ ಸಾಮಾನನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿ, ಕೇಬಲ್ ಟಿವಿಯ ವೈರು ಬಿಚ್ಚಿ. ಏಪ್ರಿಲ್, ಮೇ ಗುಡುಗಿನ ಕಾಲದಲ್ಲಿ ಕೆಲಸ ಮುಗಿದ ಕೂಡಲೇ ಪ್ಲಗ್ ಕಿತ್ತಿಡಿ. ಕಾರ್ಡು ಹೊರಗಿದ್ದಾಗ ಆಂಟಿ ಸ್ಟ್ಯಾಟಿಕ್ ಚೀಲದಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ, ಬಣ್ಣ ಬದಲಾಗುವ ಸಿಲಿಕಾ ಜೆಲ್ ಜೊತೆ ಇರಲಿ. ನೀಲಿ ಜೆಲ್ ಗುಲಾಬಿ ಆದರೆ ಬಿಸಿ ಮಾಡಿ ಒಣಗಿಸಬೇಕು. ಅಡುಗೆಯ ಬಾಣಲೆ ಬೇಡ, ಆ ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ.

ಈಗ ನನಗೆ ಮೂರು ಫೋಟೋ ಬೇಕು: ಬ್ಯಾಟರಿ ಇರುವ ಮೂಲೆ, ಕ್ರಿಸ್ಟಲ್ ಮೇಲಿನ ಅಂಕಿ, ಆಗ್ನಸ್ ಚಿಪ್. ಟಾರ್ಚ್ ಓರೆ ಹಿಡಿದು ತೆಗೆಯಿರಿ, ಅಕ್ಷರ ಕಾಣುತ್ತದೆ. ಜೆನ್‌ಲಾಕ್ ಸಿಗದಿದ್ದರೆ ನನ್ನ ಅಂಗಡಿಯ ಪಾಲ್ ಜೆನ್‌ಲಾಕ್ ಇನ್ನೂ ಇದೆ, ಹೋದ ದೀಪಾವಳಿಯಲ್ಲಿ ಹಚ್ಚಿ ನೋಡಿದಾಗ ಓಡಿತು. ಬ್ಯಾಟರಿ ತೆಗೆದಾಯಿತು ಅಂತ ನೀವು ಬರೆದ ಮೇಲೆ ಒಂದು ಭಾನುವಾರ ಬೇಲೂರು ಮೇಲೆ ಬಸ್ಸಿನಲ್ಲಿ ತರುತ್ತೇನೆ.